ಸಿಂಧುಗೆ, ಫಿಟ್‌ನೆಸ್ ಬ್ಯಾಂಡ್ ಕೊಳ್ಳುವ ಮುಂಚೆ

ಜಾಲಹಳ್ಳಿ, ಬೆಂಗಳೂರು
ಭಾನುವಾರ

ಚಿರಂಜೀವಿ ಸಿಂಧುಗೆ ದೊಡ್ಡಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಮೋಡ ಕವಿದರೆ ಹೆಚ್ಚು, ಬಿಸಿಲು ಬಂದರೆ ಕಮ್ಮಿ, ಅಷ್ಟೇ ಸಮಾಚಾರ.

ಕೈಗೆ ಕಟ್ಟಿಕೊಂಡರೆ ಹೆಜ್ಜೆ, ನಾಡಿ ಎಣಿಸುವ ಬ್ಯಾಂಡು ಅಂತ ನೀನು ವಾಟ್ಸಾಪಿನಲ್ಲಿ ಕಳಿಸಿದ ಮೂರನ್ನೂ ನೋಡಿದೆ. ‘ಯಾವುದು ತಗೊಳ್ಳಲಿ, ಒಂದೇ ಮಾತಲ್ಲಿ ಹೇಳಿ’ ಅಂದಿದ್ದೀಯ. ಒಂದೇ ಮಾತು ಅಂದರೆ, ಅಗ್ಗದ್ದು ತಗೋ. ಆದರೆ ಕಾರಣ ಹೇಳದೆ ಬಿಟ್ಟರೆ ನೀನು ಆಫೀಸಿನ ಗೆಳೆಯರ ಮಾತು ಕೇಳಿ ಕೊನೆಗೆ ದುಬಾರಿಯದನ್ನೇ ತರುತ್ತೀಯ ಅಂತ ಗೊತ್ತು. ಅದಕ್ಕೇ ಈ ಉದ್ದದ ಕಾಗದ.

ನಾನು ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವನು. ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜತೆ ಸೇರಿ ಇಲ್ಲಿ ಕೈಗಡಿಯಾರ ಶುರು ಮಾಡಿದರು; ನಾನು ಸೇರಿದ್ದು ಎಷ್ಟೋ ವರ್ಷ ಆಮೇಲೆ. ದಿನಕ್ಕೆ ಇಪ್ಪತ್ತು ಸೆಕೆಂಡು ಹಿಂದೆ ಬೀಳುವ ಗಡಿಯಾರ, ದಿನಾ ಅದೇ ಇಪ್ಪತ್ತು ಸೆಕೆಂಡು ಬೀಳುತ್ತಿದ್ದರೆ ನಮಗೆ ಚಿಂತೆಯೇ ಇರಲಿಲ್ಲ. ಹಿಂಬದಿ ಮುಚ್ಚಳ ತೆಗೆದು ರೆಗ್ಯುಲೇಟರ್ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರೆ ಆಯ್ತು. ತಲೆ ತಿನ್ನುತ್ತಿದ್ದದ್ದು ಇವತ್ತು ಐದು ಸೆಕೆಂಡು ಮುಂದೆ, ನಾಳೆ ಹದಿನೈದು ಹಿಂದೆ ಓಡುವ ಗಡಿಯಾರ. ನೀನು ಕೊಳ್ಳಹೊರಟಿರುವ ಬ್ಯಾಂಡನ್ನೂ ಹಾಗೇ ನೋಡಬೇಕು. ಅದು ತೋರಿಸುವ ಅಂಕಿ ನಿಜವೋ ಅಂತ ಕೇಳಬೇಡ, ನಿಜ ಆಗಿರೋದಿಲ್ಲ. ದಿನಾ ಒಂದೇ ತೆರನಾಗಿ ತಪ್ಪುತ್ತದೋ ಅಂತ ನೋಡು.

ಹೆಜ್ಜೆ ಎಣಿಸೋದು ಅಂತಾರೆ, ಆದರೆ ಅದಕ್ಕೆ ಕಾಲು ಕಾಣೋದೇ ಇಲ್ಲ. ಒಳಗೆ ಆಕ್ಸೆಲೆರೋಮೀಟರ್ ಅನ್ನುವ ಪುಟ್ಟ ಚಿಪ್ ಇರುತ್ತೆ. ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡ-ಬಲ, ಮೂರು ದಿಕ್ಕಿನ ಅಲುಗಾಟ ಅಳೆಯುತ್ತೆ. ಕೈ ಒಂದೇ ಲಯದಲ್ಲಿ ಬೀಸಿದರೆ ‘ಓ, ನಡೀತಿದಾಳೆ’ ಅಂತ ಲೆಕ್ಕ ಹಾಕುತ್ತೆ. ಹಾಗಾಗಿ ಗುಂಡಿ ಬಿದ್ದ ರಸ್ತೆಯಲ್ಲಿ ಆಟೋದಲ್ಲಿ ಕೂತರೂ ಒಂದಷ್ಟು ಹೆಜ್ಜೆ ಸೇರಬಹುದು. ಚಪಾತಿ ಲಟ್ಟಿಸಿದರೂ, ಭಜನೆಯಲ್ಲಿ ತಾಳ ಹಾಕಿದರೂ ಸೇರಬಹುದು. ಸೂಪರ್ ಮಾರ್ಕೆಟಿನಲ್ಲಿ ತಳ್ಳುಗಾಡಿ ಹಿಡಿದು ಅರ್ಧ ಗಂಟೆ ಸುತ್ತಿದರೆ ಮಾತ್ರ ಕೈ ಅಲ್ಲಾಡದ್ದರಿಂದ ಬಹಳಷ್ಟು ಹೆಜ್ಜೆ ಲೆಕ್ಕಕ್ಕೇ ಬರೋದಿಲ್ಲ. ಇನ್ನೊಂದು: ಸುಳ್ಳು ಹೆಜ್ಜೆ ತಪ್ಪಿಸಲು ಎಷ್ಟೋ ಬ್ಯಾಂಡುಗಳು ಒಂದೇ ಸಮ ಹತ್ತು ಹೆಜ್ಜೆಯಾದರೂ ನಡೆದ ಮೇಲೇ ಎಣಿಕೆ ಶುರು ಮಾಡುತ್ತವೆ. ಅಡುಗೆಮನೆಯಲ್ಲಿ ಒಲೆಯಿಂದ ಸಿಂಕಿಗೆ ಓಡಾಡುವ ಹೆಂಗಸರ ಶ್ರಮ ಅಲ್ಲೂ ಲೆಕ್ಕಕ್ಕಿಲ್ಲ, ಏನು ಮಾಡೋಣ!

ತಂದ ದಿನವೇ ಒಂದು ಪರೀಕ್ಷೆ ಮಾಡು. ನೀನು ಬಲಗೈಯವಳು, ಬ್ಯಾಂಡನ್ನು ಎಡಗೈಗೆ ಕಟ್ಟಿ, ಆಪ್‌ನಲ್ಲಿ ಎಡಗೈ ಅಂತಲೇ ನಮೂದಿಸು. ಎತ್ತರ, ತೂಕ, ವಯಸ್ಸು ಸರಿಯಾಗಿ ತುಂಬು. ತೂಕದಲ್ಲಿ ನಾಚಿಕೆ ಬೇಡ, ಅದು ಯಾರಿಗೂ ಹೇಳೋದಿಲ್ಲ (ಹೇಳುತ್ತೆ, ಆ ವಿಷಯ ಕೆಳಗೆ ಬರೀತೀನಿ). ನಿಮ್ಮ ಕೈಕೊಂಡ್ರಹಳ್ಳಿ ಕೆರೆ ದಾರಿಯಲ್ಲಿ ಮನಸ್ಸಲ್ಲೇ ಎಣಿಸುತ್ತಾ 200 ಹೆಜ್ಜೆ ನಡಿ, ಬ್ಯಾಂಡಿನ ಲೆಕ್ಕ ಬರೆದಿಟ್ಟುಕೋ. ಹೀಗೆ ಮೂರ್ನಾಲ್ಕು ಸಲ. 188, 191, 187 ಬಂದರೆ ಕಣ್ಣುಮುಚ್ಚಿ ಇಟ್ಟುಕೋ. ಒಮ್ಮೆ 165, ಇನ್ನೊಮ್ಮೆ 220 ಬಂದರೆ, ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಡಬ್ಬಿಗೆ ಹಾಕಿ ಕಳಿಸು. ಬ್ಯಾಂಡು ಎಷ್ಟು ಸಾವಿರದ್ದೇ ಇರಲಿ, ಪರೀಕ್ಷೆ ಇದೇ.

ಇನ್ನು ಆ 10,000 ಹೆಜ್ಜೆ. ನೀನೂ ಅದನ್ನೇ ಗುರಿ ಅಂತ ಬರೆದಿದ್ದೀಯ. ಅದನ್ನು ಯಾವ ವೈದ್ಯರೂ ಲೆಕ್ಕ ಹಾಕಿ ಕೊಟ್ಟಿದ್ದಲ್ಲ ಕಣಮ್ಮ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮಾರನೇ ವರ್ಷ, 1965ರಲ್ಲಿ, ಜಪಾನಿನ ಯಮಾಸಾ ಅನ್ನುವ ಗಡಿಯಾರದ ಕಂಪನಿ ಸೊಂಟಕ್ಕೆ ಕಟ್ಟುವ ಹೆಜ್ಜೆಮಾಪಕ ಮಾರಲು ಈ ದುಂಡು ಸಂಖ್ಯೆ ಹಿಡಿಯಿತು. ಗಡಿಯಾರದವರ ಬುದ್ಧಿ ನನಗೆ ಚೆನ್ನಾಗಿ ಗೊತ್ತು, ಮಾರಾಟಕ್ಕೆ ಒಳ್ಳೆಯ ಸಂಖ್ಯೆಯೇ! 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವರ್ಷದ ಸುಮಾರು 17 ಸಾವಿರ ಹೆಂಗಸರ ಹೆಜ್ಜೆ ಅಳೆದ ಅಧ್ಯಯನ ಬಂತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆ ಇತ್ತು, ಸುಮಾರು 7,500ರ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಅದು ನಿನ್ನ ದೊಡ್ಡಮ್ಮನ ವಯಸ್ಸಿನವರ ಲೆಕ್ಕ, ನಿನ್ನದಲ್ಲ. ಆದರೂ 9,800 ಹೆಜ್ಜೆ ಆಗಿದೆ ಅಂತ ರಾತ್ರಿ ಹನ್ನೊಂದಕ್ಕೆ ಹಜಾರದಲ್ಲಿ ಗಾಣದೆತ್ತಾಗಿ ಸುತ್ತುವ ಅಗತ್ಯ ಇಲ್ಲ ಅನ್ನೋದಕ್ಕೆ ಅಷ್ಟು ಸಾಕು.

ನೀನು ಮಾಡಬೇಕಾದ್ದು ಹೀಗೆ. ಮೊದಲ ವಾರ ಬ್ಯಾಂಡ್ ಕಟ್ಟಿಕೊಂಡು ಏನನ್ನೂ ಬದಲಿಸದೆ ಎಂದಿನಂತೆ ಇರು. ಬಸ್ಸು, ಸಿಲ್ಕ್ ಬೋರ್ಡ್ ಸಿಗ್ನಲ್ಲು, ಕುರ್ಚಿ, ಮತ್ತೆ ಬಸ್ಸು. ವಾರದ ಸರಾಸರಿ ನೋಡು. 3,500 ಬಂತು ಅನ್ನು, ಗಾಬರಿ ಬೇಡ, ಅದೇ ನಿನ್ನ ಸೊನ್ನೆ. ಮುಂದಿನ ಕೆಲವು ವಾರ ಅದರ ಮೇಲೆ ಸಾವಿರ ಸೇರಿಸು, ಒಗ್ಗಿದ ಮೇಲೆ ಇನ್ನೊಂದು ಸಾವಿರ. ಬ್ಯಾಂಡು ಶೇ 5ರಷ್ಟು ಕಡಿಮೆ ಎಣಿಸಿದರೂ ಎರಡೂ ವಾರ ಅಷ್ಟೇ ಕಡಿಮೆ ಎಣಿಸಿರುತ್ತೆ, ಹಾಗಾಗಿ ವ್ಯತ್ಯಾಸ ನಿಜದ್ದೇ. ಇದಕ್ಕೇ ಹೇಳಿದ್ದು, ಅಗ್ಗದ್ದು ಸಾಕು ಅಂತ. ಪಕ್ಕದ ಸೀಟಿನ ಹುಡುಗನ ಬ್ಯಾಂಡಿನ ಜತೆ ಮಾತ್ರ ಹೋಲಿಸಬೇಡ; ಅವನದರ ತಪ್ಪು ಬೇರೆ, ನಿನ್ನದರ ತಪ್ಪು ಬೇರೆ.

ಹೆಜ್ಜೆಯ ಸಂಖ್ಯೆಗಿಂತ ವೇಗ ಮುಖ್ಯ ಅನ್ನಿಸುತ್ತೆ ನನಗೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಮಾಡಬೇಕು, ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಡಬೇಕು ಅಂತ. ಮಧ್ಯಮ ಅಂದರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ. ಹದಿನೈದು ಸೆಕೆಂಡಿಗೆ 25 ಬಂದರೆ ಸರಿ. ಆಗ ಮಾತಾಡಬಹುದು, ಹಾಡಲು ಆಗಬಾರದು. ಲಾಲ್‌ಬಾಗಿನಲ್ಲಿ ಬೆಳಿಗ್ಗೆ ರಿಯಲ್ ಎಸ್ಟೇಟ್ ಮಾತಾಡುತ್ತಾ ತೇಲಿಹೋಗುವ ನನ್ನ ಸ್ನೇಹಿತರ ಬ್ಯಾಂಡಿನಲ್ಲಿ ಹೆಜ್ಜೆ ಬೇಕಾದಷ್ಟು ಇರುತ್ತೆ, ಬೆವರು ಇರಲ್ಲ.

ಕ್ಯಾಲೊರಿ ಅಂಕಿಯನ್ನು ಪರದೆಯಿಂದಲೇ ತೆಗೆದುಹಾಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಇಂಥ ಏಳು ಸಾಧನ ಪರೀಕ್ಷಿಸಿದಾಗ ಆರು ನಾಡಿಬಡಿತವನ್ನು ಶೇ 5ರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ ಶೇ 27 ತಪ್ಪಿತು, ಕೆಟ್ಟದ್ದು ಶೇ 93. ಆಮೇಲೆ ಸಾಧನಗಳು ಸುಧಾರಿಸಿರಬಹುದು, ಆದರೂ ‘300 ಕ್ಯಾಲೊರಿ ಕರಗಿತು’ ಅಂತ ಬ್ಯಾಂಡು ಹೇಳಿದ ಮಾತಿಗೆ ವಿದ್ಯಾರ್ಥಿ ಭವನದಲ್ಲಿ ಇನ್ನೊಂದು ದೋಸೆ ಹೇಳಬೇಡ. ದೋಸೆ ತಿನ್ನು, ಬ್ಯಾಂಡಿನ ಅಪ್ಪಣೆ ಕೇಳಿ ತಿನ್ನಬೇಡ.

ನಾಡಿಬಡಿತ ಪರವಾಗಿಲ್ಲ. ಹಿಂಬದಿಯಲ್ಲಿ ಹಸಿರು ದೀಪ ಮಿಣುಕುತ್ತೆ ನೋಡು, ರಕ್ತ ಹಸಿರು ಬೆಳಕನ್ನು ಹೀರುತ್ತೆ. ಬಡಿತಕ್ಕೊಮ್ಮೆ ರಕ್ತ ನುಗ್ಗಿದಾಗ ಹೀರುವುದು ಹೆಚ್ಚು, ಮಧ್ಯೆ ಕಡಿಮೆ. ಆ ಏರಿಳಿತವನ್ನೇ ಎಣಿಸೋದು. ಸಡಿಲವಾಗಿ ಬಳೆ ಥರ ಹಾಕಿಕೊಂಡರೆ ಹೊರಗಿನ ಬೆಳಕು ನುಗ್ಗಿ ಕೆಡುತ್ತೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿ, ಗುರುತು ಬೀಳದಷ್ಟು ಸಡಿಲ. ಹಚ್ಚೆಯ ಮೇಲೆ ಸರಿಯಾಗಿ ಓದೋದಿಲ್ಲ (ಹಚ್ಚೆ ಹಾಕಿಸಿಕೊಂಡಿದ್ದರೆ ನಿಮ್ಮಪ್ಪನಿಗೆ ನಾನು ಹೇಳಲ್ಲ). ನೀನು ನೋಡಬೇಕಾದ್ದು ವಿಶ್ರಾಂತಿಯಲ್ಲಿರುವಾಗಿನ ಬಡಿತ ಒಂದೇ. ದೊಡ್ಡವರಿಗೆ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100. ಕೆಲವು ತಿಂಗಳ ನಡಿಗೆಯಿಂದ ಅದು ಮೆಲ್ಲಗೆ ಇಳಿದರೆ ಒಳ್ಳೆಯ ಸುದ್ದಿ. ಜ್ವರ ಬಂದಾಗ ಏರುವುದು ಸಹಜ.

ನಿದ್ದೆ ವಿಷಯದಲ್ಲಿ, ಎಷ್ಟು ಗಂಟೆಗೆ ಮಲಗಿದೆ, ಎಷ್ಟಕ್ಕೆ ಎದ್ದೆ, ಇಷ್ಟನ್ನು ನಂಬು. ಅಲುಗಾಡದೆ ಫೋನ್ ನೋಡುತ್ತಾ ಮಲಗಿದ್ದನ್ನೂ ಅದು ನಿದ್ದೆ ಅಂದುಕೊಳ್ಳಬಹುದು. ಗಾಢ ನಿದ್ದೆ ಇಷ್ಟು, ಕನಸಿನ ನಿದ್ದೆ ಅಷ್ಟು ಅನ್ನುವ ಬಣ್ಣದ ಪಟ್ಟಿ ಬರೀ ಅಂದಾಜು. ಅದನ್ನು ಸರಿಯಾಗಿ ಅಳೆಯಲು ನಿಮ್ಹಾನ್ಸ್‌ನಂಥ ಕಡೆ ತಲೆಗೆ ತಂತಿ ಹಚ್ಚಿ ಮಿದುಳಿನ ಅಲೆ ನೋಡಬೇಕು. ಬೆಳಿಗ್ಗೆ ಎದ್ದಾಗ ಹಾಯಾಗಿದ್ದರೆ ‘ನಿದ್ದೆ ಸ್ಕೋರ್ 58’ ಅಂದರೂ ತಲೆ ಕೆಡಿಸಿಕೊಳ್ಳಬೇಡ.

ಇನ್ನು ರಕ್ತದೊತ್ತಡ, ಸಕ್ಕರೆ ಎಲ್ಲ ತೋರಿಸುತ್ತೇವೆ ಅಂತ ಹೇಳುವ ವಾಚುಗಳು. ಸೂಜಿ ಚುಚ್ಚದೆ ಸಕ್ಕರೆ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿದೆ. ನ್ಯಾಷನಲ್ ಮಾರ್ಕೆಟಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಒಂದೂವರೆ ಸಾವಿರಕ್ಕೆ ಸಕ್ಕರೆ ಅಳೆಯುವ ವಾಚು ಕಂಡರೆ ಉಳಿದ ಅಂಕಿಗಳೂ ಎಂಥವು ಅಂತ ನೀನೇ ಊಹಿಸು. ರಕ್ತದೊತ್ತಡಕ್ಕೆ ತೋಳಿಗೆ ಕಟ್ಟುವ ಪಟ್ಟಿಯೇ ಸರಿ. ಎದೆನೋವು, ಬವಳಿ ಬಂದ ಹೊತ್ತಲ್ಲಿ ಬ್ಯಾಂಡು ನೋಡುತ್ತಾ ಕೂರಬೇಡ. ಅದು 72 ತೋರಿಸಲಿ, 80 ತೋರಿಸಲಿ, ಸೀದಾ ಆಸ್ಪತ್ರೆಗೆ.

ಕೊಳ್ಳುವಾಗ ನಾನು ನೋಡುವುದು ಇವು. ಬ್ಯಾಟರಿ ವಾರವಾದರೂ ಬರಬೇಕು. ದಿನಾ ಚಾರ್ಜಿಗೆ ಹಾಕುವಂಥದ್ದು ಒಂದು ದಿನ ಮೇಜಿನ ಮೇಲೇ ಉಳಿಯುತ್ತೆ, ಆಮೇಲೆ ಡ್ರಾಯರಿನಲ್ಲಿ. ಬಿಸಿಲಲ್ಲಿ ಪರದೆ ಕಾಣಬೇಕು. ಪಟ್ಟಿ ಬಿಚ್ಚಿ ಬೇರೆ ಹಾಕುವಂತಿರಬೇಕು. ಯಂತ್ರಕ್ಕಿಂತ ಮೊದಲು ಹರಿಯೋದು ಪಟ್ಟಿ. 5 ಎಟಿಎಂ ಅಂತ ಬರೆದಿದ್ದರೆ 50 ಮೀಟರ್ ಆಳದ ಒತ್ತಡ ನಿಂತ ನೀರಿನಲ್ಲಿ ತಡೆಯಿತು ಅಂತ ಅರ್ಥ, ಈಜಬಹುದು. ಬಿಸಿನೀರು, ಸೋಪಿಗೆ ಮಾತ್ರ ಅದು ಹೇಳಿದ್ದಲ್ಲ. ಸ್ನಾನಕ್ಕೆ ಬಿಚ್ಚಿಡು, ಇಲ್ಲದಿದ್ದರೆ ಪಟ್ಟಿಯಡಿ ಸೋಪು ಉಳಿದು ಕೈ ಕೆರೆಯುತ್ತೆ. ಒಳಗೇ ಜಿಪಿಎಸ್ ಇರಬೇಕಿಲ್ಲ, ಫೋನು ಹೇಗೂ ಜೇಬಲ್ಲಿರುತ್ತೆ. ಕನ್ನಡ ಮೆಸೇಜು ಸರಿಯಾಗಿ ಕಾಣುತ್ತದೋ ಅಂತ ಅಂಗಡಿಯಲ್ಲೇ ನೋಡು, ಕೆಲವುಗಳಲ್ಲಿ ಬರೀ ಚೌಕ ಚೌಕ ಬರುತ್ತೆ. ಬಿಐಎಸ್ (ಸರಕಿನ ಗುಣಮಟ್ಟ ನೋಡುವ ನಮ್ಮ ಸರ್ಕಾರಿ ಸಂಸ್ಥೆ) ನೋಂದಣಿ ಸಂಖ್ಯೆ ಇದ್ದರೆ ಬಿಐಎಸ್ ಕೇರ್ ಆಪ್‌ನಲ್ಲಿ ತಾಳೆ ನೋಡಬಹುದು. ಕಂಪನಿ ಬಾಳುತ್ತದೋ ಅನ್ನುವುದನ್ನೂ ಯೋಚಿಸು. ಜಾಬೋನ್ ಅಂತ ಇಂಥದ್ದೇ ಬ್ಯಾಂಡ್ ಮಾರುವ ಒಂದು ಹೆಸರುವಾಸಿ ಕಂಪನಿ ಇತ್ತು, 2017ರಲ್ಲಿ ಬಾಗಿಲು ಹಾಕಿತು. ಆಪ್ ಹೋದರೆ ಕೈಯಲ್ಲಿರುವುದು ರಬ್ಬರ್ ಪಟ್ಟಿ ಅಷ್ಟೇ.

ಇನ್ನು, ತೂಕದ ಮಾತಿನಲ್ಲಿ ಮೇಲೆ ಹೇಳಿದ ಆ ಗುಟ್ಟಿನ ವಿಷಯ. ಈ ಅಂಕಿಗಳೆಲ್ಲ ಸಾಮಾನ್ಯವಾಗಿ ಕಂಪನಿಯ ಸರ್ವರಿಗೆ ಹೋಗುತ್ತವೆ. ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆಪ್ ತನ್ನ ಬಳಕೆದಾರರ ದಾರಿಗಳನ್ನೆಲ್ಲ ಸೇರಿಸಿ 2017ರಲ್ಲಿ ಪ್ರಕಟಿಸಿದ್ದ ಭೂಪಟದಲ್ಲಿ ಸೇನಾ ನೆಲೆಗಳೇ ಹೊಳೆಯುತ್ತಿದ್ದದ್ದು 2018ರಲ್ಲಿ ಬಯಲಾಯಿತು. ನೀನು ಒಬ್ಬಳೇ ಇರುವವಳು. ದಿನಾ ಬೆಳಿಗ್ಗೆ ಆರಕ್ಕೆ ಯಾವ ಗೇಟಿನಿಂದ ಹೊರಡುತ್ತೀಯ ಅಂತ ಊರಿಗೆ ಗೊತ್ತಾಗುವುದು ಬೇಡ. ಪ್ರೊಫೈಲ್ ಖಾಸಗಿ ಮಾಡು, ನಡೆದ ದಾರಿಯ ಚಿತ್ರ ಹಂಚಬೇಡ. ಆಫೀಸಿನವರು ‘ವೆಲ್‌ನೆಸ್ ಚಾಲೆಂಜ್’ ಅಂತ ಬ್ಯಾಂಡಿನ ಖಾತೆ ಜೋಡಿಸಲು ಕೇಳಿದರೆ, ಹೆಜ್ಜೆ ಮಾತ್ರ ಕೊಡು. ನಾಡಿ, ನಿದ್ದೆ, ತಿಂಗಳ ಮುಟ್ಟಿನ ದಿನಗಳು ಅವರಿಗೆ ಯಾಕೆ? ಹೆಜ್ಜೆ ಮಾತ್ರ ಆಗಲ್ಲ ಅಂದರೆ ಆ ಬಹುಮಾನದ ನೀರಿನ ಬಾಟಲಿ ನಾನೇ ಕೊಡಿಸ್ತೀನಿ.

ಕೊನೆಗೆ, ನಿಮ್ಮಮ್ಮನಿಗೂ ಒಂದು ತರಬೇಕು ಅಂದಿದ್ದೀಯಲ್ಲ. ಅವಳಿಗೆ ಇದೇ ಬ್ಯಾಂಡ್ ಬೇಡ. ಎರಡೂ ಕೈಯಲ್ಲಿ ಬಳೆ, ನಿಧಾನದ ನಡಿಗೆ. ಮಣಿಕಟ್ಟಿನದು ಅಂಥವರಲ್ಲಿ ಹೆಜ್ಜೆ ನುಂಗುವುದೇ ಹೆಚ್ಚು. ಸೊಂಟಕ್ಕೆ ಸಿಗಿಸುವ ಸಾದಾ ಹೆಜ್ಜೆಮಾಪಕ ಈಗಲೂ ಸಿಗುತ್ತೆ. ಬಟನ್ ಸೆಲ್ಲಿನದು, ದೊಡ್ಡ ಅಂಕಿಯದು, ಆಪ್ ಗೀಪ್ ಇಲ್ಲದ್ದು ನೋಡು. ಸೀರೆಯ ನೆರಿಗೆ ಹತ್ತಿರ ಸಿಗಿಸಿಕೊಂಡರೆ ಆಯ್ತು. ಅದಕ್ಕೂ 200 ಹೆಜ್ಜೆಯ ಪರೀಕ್ಷೆ ಮಾಡಿಯೇ ಕೊಡು. ದುಡ್ಡು ನನ್ನ ಲೆಕ್ಕಕ್ಕೆ ಹಾಕು. ಬೆಲೆ ಮಾತ್ರ ಅವಳಿಗೆ ಅರ್ಧ ಹೇಳು, ಇಲ್ಲದಿದ್ದರೆ ಡಬ್ಬಿ ಒಡೆಯದೆ ಬೀರುವಿನಲ್ಲಿಟ್ಟು ಯಾರದಾದರೂ ಗೃಹಪ್ರವೇಶಕ್ಕೆ ಉಡುಗೊರೆ ಕೊಟ್ಟುಬಿಡ್ತಾಳೆ.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ