ಆಗುಂಬೆಯಲ್ಲಿ ಸೈಕಲ್ ತಡೆದವರಿಗೆ

ಮಳೆಗಾಲದ ಕೊನೆಯಲ್ಲಿ, ಆಗುಂಬೆ ಘಾಟಿ ಇಳಿಯುವ ಮುನ್ನ ನನ್ನನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದ ಹಿರಿಯರೇ, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಹಿಂದಿನ ಬ್ರೇಕಿನ ಕೇಬಲ್ಲಿನಲ್ಲಿ ಉಳಿದಿದ್ದುದು ಎರಡೇ ಎಳೆ. 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ ಮುಟ್ಟುವ ಹುಮ್ಮಸ್ಸಿನಲ್ಲಿದ್ದ ನನಗೆ ಅದು ಕಂಡಿರಲೇ ಇಲ್ಲ.

ಕೇಬಲ್ ಬದಲಿಸಿದಿರಿ, ದುಡ್ಡು ಬೇಡವೆಂದಿರಿ. ಆದರೆ ನನಗೆ ಹೆಚ್ಚು ನೆನಪಿರುವುದು ಬೇರೆ. ಚರ್ಮದ ಸೀಟಿನ ಮೇಲೆ ಅಂಗೈ ಆಡಿಸಿ, ವರ್ಷಗಟ್ಟಲೆ ಕುಳಿತು ಬಿದ್ದ ಎರಡು ಗುಳಿಗಳನ್ನು ಮುಟ್ಟಿ ನೋಡಿ, “ಇದು ಇನ್ನು ಬೇರೆ ಯಾರಿಗೂ ಒಗ್ಗುವುದಿಲ್ಲ” ಎಂದು ನಕ್ಕಿರಿ. ಚೀಲಗಳು ಉಜ್ಜಿ ಉಜ್ಜಿ ಕ್ಯಾರಿಯರಿನ ಕಪ್ಪು ಬಣ್ಣ ಹೋಗಿ, ಕಂಬಿ ಹಳೆಯ ಬೆಳ್ಳಿ ಲೋಟದ ಅಂಚಿನಂತೆ ಹೊಳೆಯುತ್ತಿತ್ತು. ಬಣ್ಣ ಬಳಿಯಬಹುದೇ ಎಂದೆ. “ಅಲ್ಯೂಮಿನಿಯಂ, ತುಕ್ಕು ಹಿಡಿಯುವುದಿಲ್ಲ. ಯಾಕೆ ಮುಚ್ಚುತ್ತೀರಿ?” ಎಂದಿರಿ. ಹೊಸ ಸೈಕಲ್ ಕೊಳ್ಳು ಎಂದು ಮನೆಮಂದಿಯೆಲ್ಲ ಗಂಟುಬಿದ್ದಿರುವಾಗ ಆ ಮಾತು ಎಷ್ಟು ಹಿತವಾಗಿತ್ತು! (ಸವೆದ ಬ್ರೇಕ್ ರಬ್ಬರಿಗೆ ಮಾತ್ರ ಚೆನ್ನಾಗಿ ಬೈದಿರಿ. ನ್ಯಾಯವೇ.)

ಎಳೆ ಬಿಚ್ಚಿದ ಆ ಕೇಬಲ್ಲಿನ ತುಂಡು ಈಗಲೂ ಹ್ಯಾಂಡಲಿನ ಚೀಲದಲ್ಲಿದೆ. ತುಂಬಾ ಧನ್ಯವಾದಗಳು. ಮುಂದಿನ ಸಲ ಕಾಫಿಯ ದುಡ್ಡನ್ನಾದರೂ ಕೊಡಲು ಬಿಡಿ.