ಕಾಳಿಯ ನೀರಿಗೆ ಎರಡನೇ ಬಣ್ಣ

ಪ್ರೀತಿಯ ಪುಟ್ಟಿ,

ಹಳೆಯ ಚಿತ್ರಗಳನ್ನೆಲ್ಲ ರದ್ದಿಗೆ ಹಾಕ್ತೇನೆ, ನೋಡಿದರೆ ನಾಚಿಕೆಯಾಗುತ್ತದೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗ ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಹಾಕಬೇಡ ಮಗಾ. ಚೌತಿಯ ತನಕವಾದರೂ ತಡೆ.

ಕಳೆದ ತಿಂಗಳು ಅಟ್ಟದಿಂದ ನನ್ನದೊಂದು ಎಣ್ಣೆ ಬಣ್ಣದ ಚಿತ್ರ ಇಳಿಸಿದೆ. ಕೋಡಿಬಾಗದ ದಡದಿಂದ ಕಂಡ ಕಾಳಿ ಹೊಳೆಯ ಸೇತುವೆ, ಆಚೆ ಸದಾಶಿವಗಡದ ಗುಡ್ಡ. ಹಿಂಬದಿಯಲ್ಲಿ 1999 ಎಂದು ಬರೆದಿದೆ. ಕಾರವಾರದ ಮಳೆಗಾಲ ನಿನಗೆ ಗೊತ್ತಲ್ಲ, ಮೇಲೆಲ್ಲ ಬಿಳಿ ಬೂಷ್ಟು. ಮಳೆ ಹೊಳವಾದಾಗ ಅಂಗಳಕ್ಕೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್ಷಿನಿಂದ ಮೆಲ್ಲಗೆ ಉದುರಿಸಿದೆ. ಚೆನ್ನಾಗಿ ಒಣಗಿದ ಮೇಲೆ ಒಂದೆರಡು ಹನಿ ಅಗಸೆ ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ ತೆಗೆದೆ. ಮಂಕಾಗಿದ್ದ ಬಣ್ಣಗಳು ಮೊನ್ನೆ ಬಳಿದಂತೆ ಎದ್ದು ಬಂದವು. ತಿದ್ದುವ ಮೊದಲು ನೀನೂ ಹೀಗೇ ಮಾಡು. ಮಂಕು ಬಣ್ಣ ನೋಡಿ ಹೊಸದು ಕಲಸಿದರೆ ಎರಡೂ ಹೊಂದುವುದೇ ಇಲ್ಲ.

ಬಣ್ಣದ ಜೊತೆ ತಪ್ಪುಗಳೂ ಎದ್ದು ಬಂದವು. ಮೇಲೆ ಜುಲೈ ತಿಂಗಳ ಕಪ್ಪು ಮೋಡ, ಕೆಳಗೆ ಕ್ಯಾಲೆಂಡರಿನಂಥ ನೀಲಿ ನೀರು! ಮಳೆಗಾಲದಲ್ಲಿ ಕಾಳಿ ಹಾಗಿರ್ತಾಳಾ? ಘಟ್ಟದ ಮಣ್ಣು ಹೊತ್ತು ಕೆಂಪಗೆ ಬರುತ್ತಾಳೆ. ಹೊಳೆ ಅಂದರೆ ನೀಲಿ ಅಂತ ಸುಮ್ನೆ ಬಳಿದುಬಿಟ್ಟಿದ್ದೆ. ಇನ್ನು ಸೇತುವೆಯ ಕಂಬಗಳು. ದೂರದವೂ ಹತ್ತಿರದಷ್ಟೇ ದಪ್ಪ.

ಮೊದಲು ನೀರು ತಿದ್ದಿದೆ. ನೀಲಿಯನ್ನು ಕೆರೆಯಲಿಲ್ಲ. ಅದರ ಮೇಲೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬಣ್ಣವನ್ನು ಎಣ್ಣೆಯಲ್ಲಿ ತೆಳ್ಳಗೆ ಮಾಡಿ ಪದರ ಪದರವಾಗಿ ಎಳೆದೆ. ಕೆಳಗಿನ ನೀಲಿ, ಮೇಲಿನ ಕೆಂಪು ಸೇರಿ ರಾಡಿ ನೀರಿನ ಬಣ್ಣ ತಾನಾಗಿಯೇ ಬಂತು. ಒಂದು ನೆನಪಿಡು. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಜಾಸ್ತಿ ಇರಬೇಕು. ಕಡಿಮೆಯಾದರೆ ಮೇಲಿನದು ಬೇಗ ಒಣಗಿ ಗಟ್ಟಿಯಾಗುತ್ತದೆ, ಮುಂದೊಂದು ದಿನ ಬಿರುಕು ಬಿಡುತ್ತದೆ.

ನೀನು ಚಿಕ್ಕವಳಿದ್ದಾಗ ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೋಡಿ, "ಗೆರೆ ತಪ್ಪಿದ್ರೆ ಏನ್ ಮಾಡ್ತಾರೆ?" ಎಂದು ಕೇಳಿದ್ದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿಯಿರುವಾಗಲೇ ಕೆರೆದು ಕೆಳಗಿನ ಬಿಳಿ ತೋರಿಸುವ ಕೆಲಸ ಅದು. ಗಾರೆ ಗಟ್ಟಿಯಾದರೆ ಮುಗೀತು. ಎಣ್ಣೆ ಬಣ್ಣ ನನಗೆ ಇಪ್ಪತ್ತಾರು ವರ್ಷ ಕಾದಿತ್ತು, ನೋಡು.

ನೀರು ಒಣಗಲು ಬಿಟ್ಟು, ಕಂಬ ತಿದ್ದಲು ಪೆನ್ಸಿಲ್ ಹಿಡಿದು ದಡಕ್ಕೆ ಹೋದೆ. ಅಲ್ಲಿ ನಿಂತ ಮೇಲೇ ನೆನಪಾದದ್ದು. ಯಾವ ಕಂಬ ನೋಡಲಿ? ಆ ಸೇತುವೆಯೇ ಇಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತಲ್ಲ, ಜೊತೆಗೆ ಬಿದ್ದ ಲಾರಿಯ ಡ್ರೈವರನನ್ನು ಮೀನುಗಾರರು ಎತ್ತಿ ತಂದರಲ್ಲ. ಈಗ ಇರುವುದು ಪಕ್ಕದ ಹೊಸ ಸೇತುವೆ. ಎಷ್ಟೋ ಸಲ ಅದರ ಮೇಲೆ ಓಡಾಡಿದ್ದೇನೆ, ಆದರೂ ಆ ದಿನ ಕೈಯಲ್ಲಿ ಪೆನ್ಸಿಲ್ ಇದ್ದಾಗ ಆದ ಸಂಕಟವೇ ಬೇರೆ.

ಹಳೆಯ ಫೋಟೋ ನೋಡಿ ತಿದ್ದಬಹುದಿತ್ತು. ಮನಸ್ಸು ಬರಲಿಲ್ಲ. ನೀರನ್ನು ನಾನು ನೋಡದೆ ಬಳಿದಿದ್ದೆ, ಅದನ್ನು ತಿದ್ದಲೇಬೇಕಿತ್ತು. ಕಂಬಗಳನ್ನು ಮಾತ್ರ ಇಡೀ ಮಧ್ಯಾಹ್ನ ಅಲ್ಲೇ ಕೂತು, ಒಂದೊಂದೇ ಎಣಿಸಿ ಬರೆದಿದ್ದೆ. ಕೈ ಸೋತಿದೆ, ಕಣ್ಣು ಸುಳ್ಳು ಹೇಳಿಲ್ಲ. ಹಾಗೇ ಬಿಟ್ಟೆ.

ನಿನ್ನ ಕಟ್ಟಿನಲ್ಲೂ ಇವೆರಡೂ ಬಗೆಯ ತಪ್ಪು ಇರಬೇಕು, ಅಲ್ವಾ? ರದ್ದಿಗೆ ಹಾಕಿದರೆ ಯಾವುದು ಯಾವುದೆಂದು ನೋಡುವುದು ಹೇಗೆ? ಚೌತಿಗೆ ಬರುವಾಗ ಕಟ್ಟು ತಾ, ಜಗಲಿಯಲ್ಲಿ ಹರಡಿಕೊಂಡು ಕೂರೋಣ. ಹಿಂಬದಿಯಲ್ಲಿ 1999ರ ಕೆಳಗೆ 2025 ಎಂದು ಬರೆದಿದ್ದೇನೆ. ಈ ಥಂಡಿಗೆ ಎಡಗಡೆಯ ನೀರು ಇನ್ನೂ ಕೈಗೆ ಅಂಟುತ್ತದೆ. ಬಂದ ಕೂಡಲೇ ಮುಟ್ಟಬೇಡ.

ನಿನ್ನ ಅಮ್ಮ