ಮೋಹಕ ಬಲೆ ಇರುವುದು ಎಣಿಸುವುದಕ್ಕೆ

ಮಾನ್ಯ ಸಂಪಾದಕರೇ,

ಅರಸೀಕೆರೆ, ಚನ್ನರಾಯಪಟ್ಟಣ ಭಾಗದ ತೆಂಗಿನ ತೋಟಗಳಲ್ಲಿ ಗರಿ ತಿನ್ನುವ ಕಪ್ಪು ತಲೆ ಹುಳುವಿನ ಹಾವಳಿ ಕಾಣಿಸಿಕೊಂಡಾಗಲೆಲ್ಲ, ವಾಸನೆಯಿಂದ ಅದರ ಪತಂಗಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿರೆಂಬ ಸಲಹೆ ಕೇಳಿಬರುತ್ತದೆ. ಸಲಹೆ ಸರಿಯೇ. ಆದರೆ ಕಟ್ಟಿದ ಮೇಲೆ ಏನು ಮಾಡಬೇಕೆಂಬುದನ್ನು ಯಾರೂ ಬಿಡಿಸಿ ಹೇಳದ ಕಾರಣ, ಬಲೆಯೇ ಹುಳುವನ್ನು ಮುಗಿಸುತ್ತದೆಂದು ನಂಬಿ ಅನೇಕ ಬೆಳೆಗಾರರು ಸುಮ್ಮನಾಗುತ್ತಾರೆ.

ಹೀಗೆ ನಂಬುವುದಕ್ಕೆ ಕಾರಣವೂ ಇದೆ. ಕೆಂಪು ಮೂತಿ ಹುಳು, ರೈನೋಸರಸ್ ದುಂಬಿಗಳಿಗೆ ಇಡುವ ಬಕೆಟ್ ಬಲೆಗೆ ಗಂಡು ಹೆಣ್ಣು ಎರಡೂ ಬಂದು ಬೀಳುವುದರಿಂದ ಅಲ್ಲಿ ಕೀಟದ ಸಂಖ್ಯೆಯೇ ತಗ್ಗುತ್ತದೆ. ಕಪ್ಪು ತಲೆ ಹುಳು ಬೆಳೆದು ಆಗುವ ಪತಂಗಕ್ಕೆ ಬಲೆಯಲ್ಲಿಡುವ ಲ್ಯೂರ್, ಅಂದರೆ ವಾಸನೆಯ ಆಮಿಷ, ಹಾಗಲ್ಲ. ಹೆಣ್ಣು ಪತಂಗವು ಸಂಗಾತಿಯನ್ನು ಕರೆಯಲು ಸೂಸುವ ವಾಸನೆಯನ್ನೇ ಹೋಲುವ ಆ ವಸ್ತುವಿಗೆ ಮರುಳಾಗುವುದು ಗಂಡು ಮಾತ್ರ. ಹೊರಗುಳಿದ ಕೆಲವೇ ಗಂಡುಗಳಿದ್ದರೂ ಹೆಣ್ಣುಗಳು ಮೊಟ್ಟೆಯಿಡುವುದು ನಿಲ್ಲುವುದಿಲ್ಲ. (ಇಂಥ ವಸ್ತುವನ್ನು ವಿಜ್ಞಾನಿ ಬೂಟೆನಾಂಟ್ 1959ರಲ್ಲಿ ಮೊದಲು ಗುರುತಿಸಿದ್ದು ರೇಷ್ಮೆ ಪತಂಗದಲ್ಲಿ ಎಂಬುದನ್ನು ರೇಷ್ಮೆ ಬೆಳೆಯುವ ನಮ್ಮ ರಾಜ್ಯದವರಿಗೆ ನೆನಪಿಸಬಹುದು.)

ಬಲೆಯ ನಿಜವಾದ ಉಪಯೋಗ ಕಾಲ ತಿಳಿಸುವುದು. ಕಪ್ಪು ತಲೆ ಹುಳುವಿನ ಒಂದು ಪೀಳಿಗೆ ಮುಗಿಯಲು ಸುಮಾರು ಎರಡು ತಿಂಗಳು ಬೇಕು. ಒಂದು ತೋಟದಲ್ಲಿ ಹುಳುಗಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವಾಗಿರುವುದೇ ಹೆಚ್ಚು. ಇಲಾಖೆಯ ಪ್ರಯೋಗಾಲಯಗಳು ಕೊಡುವ ಗೊನಿಯೋಜಸ್ ಪರೋಪಜೀವಿಯಾದರೋ (ಈ ಹುಳುವನ್ನು ಕೊಲ್ಲುವ ಪುಟ್ಟ ಕಣಜ) ಬಲಿತ ಮರಿಹುಳುವಿನ ಮೇಲಷ್ಟೇ ಮೊಟ್ಟೆಯಿಡುತ್ತದೆ. ತೋಟದಲ್ಲಿ ಬರೀ ಪತಂಗವೋ ಕೋಶವೋ ಇರುವಾಗ ಅದನ್ನು ತಂದು ಬಿಟ್ಟರೆ ಅಷ್ಟೂ ವ್ಯರ್ಥ. ಬಲೆಯೊಳಗಿನ ಅಂಟುಹಾಳೆಗೆ ಬೀಳುವ ಪತಂಗಗಳು ಏಕಾಏಕಿ ಹೆಚ್ಚಿದ ವಾರವನ್ನು ಗುರುತು ಹಾಕಿಕೊಂಡರೆ, ಅಲ್ಲಿಂದ ಮೂರು ನಾಲ್ಕು ವಾರದ ಹೊತ್ತಿಗೆ ಕೆಳಗಿನ ಗರಿಗಳನ್ನು ತಿರುವಿ, ಹಿಕ್ಕೆ ಮತ್ತು ನೂಲು ಹೆಣೆದ ಸುರಂಗದೊಳಗಿನ ಹುಳು ಬಲಿತಿದೆಯೇ ಎಂದು ನೋಡಿ, ಸಂಜೆ ವೇಳೆ ಕಾಂಡದ ಮೇಲೆ ಪರೋಪಜೀವಿಯನ್ನು ಬಿಡಬಹುದು. ಗರಿ ಸುಟ್ಟಂತೆ ಕಂಡ ಮೇಲೆ ಓಡಾಡುವುದಕ್ಕಿಂತ ಇದು ಎಷ್ಟೋ ಮೇಲು. ಅಮೆರಿಕದ ಸೇಬಿನ ತೋಟಗಳಲ್ಲಿ ಕಾಡ್ಲಿಂಗ್ ಪತಂಗ ಬಲೆಗೆ ಬೀಳಲಾರಂಭಿಸಿದ ದಿನದಿಂದ ಉಷ್ಣಾಂಶದ ಲೆಕ್ಕ ಹಿಡಿದು ಸಿಂಪರಣೆಯ ದಿನ ಗೊತ್ತುಮಾಡುವ ರೂಢಿ ಬಹಳ ಹಿಂದಿನದು. ಕೀಟ, ಬೆಳೆ ಬೇರೆಯಾದರೂ ಕ್ರಮ ಇದೇ.

ಇದಕ್ಕೆ ಶಿಸ್ತು ಬೇಕು. ವಾರಕ್ಕೊಮ್ಮೆ, ಗೊತ್ತಾದ ದಿನವೇ ಎಣಿಸಬೇಕು. ಅವಧಿ ಮುಗಿದ ಲ್ಯೂರ್ ಬದಲಿಸಬೇಕು, ಹಳೆಯದನ್ನು ತೋಟದಲ್ಲೇ ಎಸೆಯಬಾರದು. ವಾಸನೆ ಆರಿದ ಲ್ಯೂರ್ ನೇತಾಡುತ್ತಿರುವ ಖಾಲಿ ಬಲೆಯನ್ನು ಕಂಡು ಹುಳು ಹೋಯಿತೆಂದು ತಿಳಿಯುವುದು ಬಲೆಯೇ ಇಲ್ಲದಿರುವುದಕ್ಕಿಂತ ಅಪಾಯಕಾರಿ.

ಹುಳುವಿಗೆ ಬೇಲಿಯ ಹಂಗಿಲ್ಲವಾದ್ದರಿಂದ ಒಬ್ಬೊಬ್ಬರೇ ಎಣಿಸಿದರೆ ಸಾಲದು. ತೋಟಗಾರಿಕೆ ಇಲಾಖೆಯು ಹೋಬಳಿಗೆ ಕೆಲವು ತೋಟಗಳನ್ನು ಆರಿಸಿ, ಬೇಸಿಗೆಯಲ್ಲಿ ಹಾವಳಿ ಏರುವುದರಿಂದ ಜನವರಿಗೆ ಮುಂಚೆಯೇ ಅಲ್ಲಿ ಬಲೆ ಕಟ್ಟಿಸಿ, ವಾರದ ಎಣಿಕೆಯನ್ನು ಪ್ರಕಟಿಸಬೇಕು. ಪರೋಪಜೀವಿ ಹಂಚಿಕೆಯ ದಿನಾಂಕವನ್ನೂ ಆ ಎಣಿಕೆ ನೋಡಿಯೇ ನಿಗದಿಪಡಿಸಬೇಕು. ಕೊಬ್ಬರಿ ಧಾರಣೆ ಅಚ್ಚಾಗುವ ಪುಟದಲ್ಲಿ ಈ ಎಣಿಕೆಯ ನಾಲ್ಕು ಸಾಲಿಗೂ ತಾವು ಜಾಗ ಕೊಡುವಿರೆಂದು ನಂಬಿದ್ದೇನೆ.

– ತೆಂಗು ಬೆಳೆಗಾರ, ಚನ್ನರಾಯಪಟ್ಟಣ ತಾಲ್ಲೂಕು, ಹಾಸನ ಜಿಲ್ಲೆ